ಅವ್ವನ ಸೀರೆಗಂಟು

"ಗುರುಗಳೇ, ನೋವು ಬಂದಾಗ ಆ ಹೊತ್ತಿಗೆ ಅದನ್ನು ಅಡಗಿಸಿಕೊಂಡು ಬದುಕಿದರೆ ತಪ್ಪೇನು? ಅದರ ಬುಡದ ತನಕ ಹೋಗಲೇಬೇಕೆ?"

ಕೇಳಿದವನು ಶಂಭುಲಿಂಗ. ಅವನು ಮಠಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತಂದೆ ತೀರಿಕೊಂಡ ಮೇಲೆ ಮಾಡಬೇಕಾದ ಕಾರ್ಯಗಳನ್ನೆಲ್ಲ ಮುಗಿಸಿ ನೇರ ಇಲ್ಲಿಗೆ ಬಂದಿದ್ದ. ಬಂದಂದಿನಿಂದ ಅವನ ಕೈ ಬಿಡುವಾಗಿದ್ದುದನ್ನು ಯಾರೂ ಕಂಡಿರಲಿಲ್ಲ. ದಾಸೋಹದ ಪಾತ್ರೆ ತೊಳೆಯುತ್ತಿದ್ದ. ಹಿತ್ತಲು ಅಗೆಯುತ್ತಿದ್ದ. ಕೆಲಸ ಸಿಗದಿದ್ದರೆ ಜಪಕ್ಕೆ ಕೂರುತ್ತಿದ್ದ. ಜಪ ಮುಗಿಸಿ ಕಣ್ಣು ತೆರೆದ ಕೂಡಲೇ ಮತ್ತೊಂದು ಕೆಲಸ ಹುಡುಕಿಕೊಂಡು ಏಳುತ್ತಿದ್ದ.

ಗುರುಗಳು ಅವನ ಮುಖ ನೋಡಿದರು. ಯಾವ ನೋವು ಎಂದು ಕೇಳಲಿಲ್ಲ. ಅವನ ಕೈಯಲ್ಲಿದ್ದ ಪೊರಕೆಯನ್ನು ತೆಗೆದು ಗೋಡೆಗೆ ಆನಿಸಿದರು. ಕಟ್ಟೆಯ ಮೇಲೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಈ ಕತೆ ಹೇಳಿದರು.

ಬಯಲುಸೀಮೆಯ ಒಂದೂರಿನಲ್ಲಿ ಕೌದಿ ಹೊಲಿಯುವ ಹೆಂಗಸೊಬ್ಬಳಿದ್ದಳು. ಹೆಸರು ಫಕೀರವ್ವ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಸಾಲು ತಪ್ಪದಂತೆ ದಾರ ಓಡಿಸಿದರೆ ಹೊದೆಯಲು ಒಂದು ಕೌದಿಯಾಗುತ್ತದೆ. ಆ ಕೆಲಸ ಅವಳಿಗೆ ತಾಯಿಯಿಂದ ಬಂದದ್ದು.

ತಾಯಿಯ ಹೆಸರು ಹೊನ್ನವ್ವ. ಆ ಕಾಲದಲ್ಲಿ ಮಧ್ಯಾಹ್ನದ ಊಟ ಮುಗಿದ ಮೇಲೆ ಓಣಿಯ ಹೆಂಗಸರು ಹೊನ್ನವ್ವನ ಪಡಸಾಲೆಗೆ ಬರುತ್ತಿದ್ದರು. ಮೂಲೆಗೊಬ್ಬರಂತೆ ಕೂತು ಒಂದೇ ಕೌದಿಯನ್ನು ಎಲ್ಲರೂ ಹೊಲಿಯುತ್ತಿದ್ದರು. ಒಬ್ಬಳು ಹಾಡು ಎತ್ತಿದರೆ ಉಳಿದವರು ದನಿಗೂಡಿಸುತ್ತಿದ್ದರು. ಸೂಜಿಗೆ ದಾರ ಪೋಣಿಸಿ ಕೊಡುವುದು ಪುಟ್ಟ ಫಕೀರವ್ವನ ಕೆಲಸ. ಪೋಣಿಸಿ ಬೇಸರವಾದರೆ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಅವ್ವನ ಸೀರೆಗೆ ಸೀಗೆಕಾಯಿ, ಒಲೆಯ ಹೊಗೆ, ಎಲೆಯಡಿಕೆ ಎಲ್ಲ ಸೇರಿದ ಒಂದು ವಾಸನೆ ಇತ್ತು. ಆ ವಾಸನೆ ಮೂಗಿಗೆ ಬಿದ್ದರೆ ಅವಳಿಗೆ ನಿದ್ದೆ ಬರುತ್ತಿತ್ತು. ಹಾಡು ದೂರ ದೂರ ಹೋದಂತೆ ಕೇಳಿಸುತ್ತಿತ್ತು.

ಹೊನ್ನವ್ವ ಒಂದು ತುಂಡನ್ನು ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಅದರ ಕತೆ ಹೇಳುತ್ತಿದ್ದಳು. "ಇದು ಬಾಣಂತಿ ಉಟ್ಟ ಸೀರಿ. ಇದು ಗಾಣದವರ ಮನಿ ಧೋತರ, ನೂರು ಸಲ ಒಗದರೂ ಎಣ್ಣಿ ಬಿಟ್ಟಿಲ್ಲ." ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡುತ್ತಿದ್ದಳು. ಯಾಕವ್ವಾ ಎಂದು ಮಗಳು ಕೇಳಿದರೆ, "ನಮ್ಮ ಮನಿಯಿಂದ ಯಾರೂ ಹಸಕೊಂಡು ಹೋಗಬಾರದು" ಎನ್ನುತ್ತಿದ್ದಳು.

ಫಕೀರವ್ವನ ಮದುವೆ ಅದೇ ಊರಿನಲ್ಲಾಯಿತು. ಗಂಡ ಮುದಕಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಒಳ್ಳೆಯವನು, ಮಾತು ಕಡಿಮೆ. ಅವಳು ಮನೆಗೆಲಸ ಮುಗಿಸಿ ಅವ್ವನ ಪಡಸಾಲೆಗೆ ಹೋಗಿ ಹೊಲಿಯುತ್ತಿದ್ದಳು. ವರ್ಷಗಳು ಹಾಗೆಯೇ ಹೋದವು.

ಒಂದು ಚಳಿಗಾಲದಲ್ಲಿ ಅವಳಿಗೆ ಸೀನು ಶುರುವಾಯಿತು. ಹಳೆಯ ಬಟ್ಟೆಯ ಮೂಟೆ ಬಿಚ್ಚಿದರೆ ಸಾಕು, ಒಂದರ ಹಿಂದೆ ಒಂದು ಸೀನು. ಮೂಗು ಸೋರುವುದು, ಕಣ್ಣು ಕೆಂಪಾಗಿ ನೀರು ಇಳಿಯುವುದು. ನೆಗಡಿ ಎಂದುಕೊಂಡಳು. ಚಳಿ ಹೋಯಿತು, ಬೇಸಿಗೆ ಬಂತು, ಸೀನು ಹೋಗಲಿಲ್ಲ.

ಊರಿನ ಔಷಧದ ಅಂಗಡಿಯವನು ಒಂದು ಸಣ್ಣ ಮಾತ್ರೆ ಕೊಟ್ಟ. ನುಂಗಿದ ಸ್ವಲ್ಪ ಹೊತ್ತಿಗೆ ಸೀನು ನಿಂತಿತು. ಫಕೀರವ್ವ ಅವನಿಗೆ ಕೈಮುಗಿದಳು. ಮಾತ್ರೆಯಿಂದ ತುಸು ಮಂಪರು ಬರುತ್ತಿತ್ತು. ಹೊಲಿಗೆಯ ಸಾಲು ಅಲ್ಲಲ್ಲಿ ಸೊಟ್ಟಗಾಗುತ್ತಿತ್ತು. ಹೊನ್ನವ್ವ ಕಾಣದ ಹಾಗೆ ಆ ಸಾಲನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

"ಫಕೀರವ್ವಾ, ಇದು ಯಾಕ ಬರತೈತಿ ಅಂತ ದೊಡ್ಡ ಡಾಕ್ಟರರಿಗೆ ತೋರಸವ್ವಾ" ಎಂದು ತಾಯಿ ಒಂದೆರಡು ಸಲ ಹೇಳಿದಳು.

"ಮಾತ್ರಿ ತಗೊಂಡರ ನಿಲ್ಲತೈತಿ ಬಿಡವ್ವಾ. ಮತ್ತ್ಯಾಕ ತೋರಸೂದು?" ಎಂದಳು ಮಗಳು.

ಮಾತ್ರೆ ಸೀನನ್ನು ನಿಲ್ಲಿಸುತ್ತಿದ್ದುದು ನಿಜ. ಆದರೆ ಮರುದಿನ ಸೀನು ಇದ್ದಲ್ಲೇ ಇರುತ್ತಿತ್ತು. ಮೊದಲು ಬಟ್ಟೆ ಬಿಚ್ಚಿದ ದಿನ ಮಾತ್ರ ನುಂಗುತ್ತಿದ್ದಳು. ಆಮೇಲೆ ದಿನವೂ ನುಂಗತೊಡಗಿದಳು. ಮೂಗು ಕಟ್ಟಿಕೊಂಡೇ ಇರುತ್ತಿದ್ದುದರಿಂದ ನಿಧಾನವಾಗಿ ವಾಸನೆ ತಿಳಿಯುವುದು ನಿಂತುಹೋಯಿತು. ಒಗ್ಗರಣೆ ಹೊತ್ತಿದರೆ ಹೊಗೆ ಕಂಡ ಮೇಲೆಯೇ ಅವಳಿಗೆ ಗೊತ್ತಾಗುತ್ತಿತ್ತು. ಅದಕ್ಕೂ ಹೊಂದಿಕೊಂಡಳು. ಹೊಂದಿಕೊಂಡಿದ್ದೇನೆ ಎಂಬುದೂ ಅವಳಿಗೆ ಮರೆತುಹೋಯಿತು.

ಹೊನ್ನವ್ವನಿಗೆ ವಯಸ್ಸಾಯಿತು. ಒಂದು ಸಲ ಹಾಸಿಗೆ ಹಿಡಿದವಳು ಏಳಲಿಲ್ಲ. ಅವಳು ಮಲಗಿದ್ದುದು ಹಳೆಯ ಕೌದಿಗಳ ಮೇಲೆ, ಹೊದ್ದದ್ದು ಅದಕ್ಕಿಂತ ಹಳೆಯ ಕೌದಿ. ಕಿಟಕಿ ಸಣ್ಣದಿದ್ದ ಆ ಕೋಣೆಯೊಳಗೆ ಕಾಲಿಟ್ಟರೆ ಫಕೀರವ್ವನ ಎದೆ ಬಿಗಿಯುತ್ತಿತ್ತು. ಕೌದಿಗಳನ್ನು ಬದಲಿಸೋಣವೆಂದರೆ ತಾಯಿ ಒಪ್ಪಲಿಲ್ಲ. "ಇವನ್ನ ಹೊದಕೊಂಡು ಬದುಕೀನಿ, ಇವನ್ನ ಹೊದಕೊಂಡೇ ಹೋಗತೀನಿ" ಎಂದಳು.

ಕೊನೆಯ ದಿನ ಮಧ್ಯಾಹ್ನ ಹೊನ್ನವ್ವ ಮಗಳ ಕೈ ಹಿಡಿದು, "ನನ್ನ ಹಂತ್ಯಾಕ ಕೂಡ" ಎಂದಳು. ಫಕೀರವ್ವ ಅವಳ ಪಕ್ಕದಲ್ಲಿ ಕೂತಳು. ಸೀನು ಬಂತು. ಸೀನಿನ ಹಿಂದೆ ಉಬ್ಬಸ ಬಂತು. ಹೊರಗೆ ಹೋಗಿ ಒಂದಕ್ಕೆ ಎರಡು ಮಾತ್ರೆ ನುಂಗಿದಳು. ಎದೆ ಹಗುರಾಗಲಿ, ಆಮೇಲೆ ಒಳಗೆ ಹೋಗುತ್ತೇನೆ ಎಂದು ಪಡಸಾಲೆಯ ಗೋಡೆಗೆ ಒರಗಿ ಕೂತಳು. ಹಾಗೆ ಕೂತಲ್ಲಿಯೇ ನಿದ್ದೆ ಹತ್ತಿತು.

ನೆರೆಮನೆಯ ಹೆಂಗಸು ಭುಜ ಅಲುಗಿಸಿ ಎಬ್ಬಿಸಿದಳು. "ಏಳವ್ವಾ ಫಕೀರವ್ವಾ, ನಿಮ್ಮವ್ವ ಹೋದಳು."

ಮಾತ್ರೆಯ ಮಂಪರು ಇನ್ನೂ ತಲೆಯಲ್ಲಿತ್ತು. ಅವಳು ಒಳಗೆ ಹೋಗಿ ನಿಂತಳು. ಅವಳಿಗೆ ಏನೂ ಅನಿಸಲಿಲ್ಲ. ಜನ ಸೇರಿದರು. ಒಳಗಿನ ಬಟ್ಟೆಬರೆಯನ್ನು ಹೊರಗೆ ತಂದು ಕೊಡವಿದರು. ಸಂಜೆಯ ಹೊತ್ತಿಗೆ ಮಾತ್ರೆಯ ಕಸುವು ಇಳಿಯಿತು. ಅವಳ ಮೂಗು ಕೆಂಪಾಯಿತು, ಕಣ್ಣಿಂದ ಧಾರೆಯಾಗಿ ನೀರು ಇಳಿಯಿತು. ಹೆಂಗಸರು ಅವಳನ್ನು ತಬ್ಬಿಕೊಂಡರು. "ಅತ್ತುಬಿಡವ್ವಾ, ಅತ್ತು ಹಗುರಾಗು" ಎಂದು ಬೆನ್ನು ಸವರಿದರು. ಅವಳು ತಲೆ ತಗ್ಗಿಸಿ ಕೂತಿದ್ದಳು. ಆ ನೀರು ಯಾವುದೆಂದು ಅವಳಿಗೆ ಮಾತ್ರ ಗೊತ್ತಿತ್ತು.

ಇಲ್ಲಿ ಗುರುಗಳು ಸ್ವಲ್ಪ ತಡೆದರು. ಶಂಭುಲಿಂಗ ನೆಲ ನೋಡುತ್ತಿದ್ದ. ಗುರುಗಳು ಮುಂದುವರಿಸಿದರು.

ತಾಯಿಯ ಸೀರೆಗಳನ್ನು ಮಗಳಿಗೆ ಕೊಟ್ಟರು. ಆ ಸೀರೆಗಳಿಂದ ಮಗಳು ಒಂದು ಕೌದಿ ಹೊಲಿದು ಹೊದೆಯಬೇಕು. ಆ ಕಡೆ ಅದು ರೂಢಿ. ಫಕೀರವ್ವ ಅವನ್ನೆಲ್ಲ ಒಂದು ಹಳೆಯ ಧೋತರದಲ್ಲಿ ಗಂಟು ಕಟ್ಟಿದಳು. ವಾರ ಕಳೆದ ಮೇಲೆ ಬಿಚ್ಚಲು ಕೂತಳು. ಗಂಟಿನ ಬಾಯಿ ಸಡಿಲಿಸುತ್ತಿದ್ದಂತೆ ಉಬ್ಬಸ ಎಷ್ಟು ಜೋರಾಯಿತೆಂದರೆ ಮುದಕಪ್ಪ ಗಿರಣಿ ನಿಲ್ಲಿಸಿ ಓಡಿಬಂದ. ಅವನೇ ಗಂಟನ್ನು ಮತ್ತೆ ಬಿಗಿದು ಅಟ್ಟದ ಮೇಲೆ ಎತ್ತಿಟ್ಟ. "ಇನ್ನೊಮ್ಮೆ ನೋಡೂಣು" ಎಂದ.

ಇನ್ನೊಮ್ಮೆ ಎಂಬುದು ಬರಲೇ ಇಲ್ಲ. ಬೇರೆಯವರ ಬಟ್ಟೆಯ ಕೌದಿಗಳನ್ನು ಮಾತ್ರೆಯ ಬಲದಿಂದ ಹೊಲಿಯುತ್ತಿದ್ದಳು. ಸಣ್ಣ ಮಾತ್ರೆ ಸಾಲದಾದಾಗ ಅಂಗಡಿಯವನು ಯಾವ ವೈದ್ಯರ ಚೀಟಿಯೂ ಇಲ್ಲದೆ ಒಂದು ಬಿಳಿ ಮಾತ್ರೆ ಕೊಟ್ಟ. ಅದು ಜಾದೂ ಮಾಡಿದಂತೆ ಎದೆಯನ್ನು ಬಿಡಿಸುತ್ತಿತ್ತು. ಅದನ್ನು ನುಂಗಿದ ದಿನ ಅವಳು ಓಣಿಯ ತುಂಬ ನಗುತ್ತ ಓಡಾಡುತ್ತಿದ್ದಳು. ಹಸಿವೂ ಚೆನ್ನಾಗಿ ಆಗುತ್ತಿತ್ತು. ಕ್ರಮೇಣ ಮುಖ ಊದಿಕೊಂಡಿತು. ಕಾಲಿನ ಮೇಲೆ ಸಣ್ಣ ಏಟು ಬಿದ್ದರೂ ಕಪ್ಪಗಾಗುತ್ತಿತ್ತು. ಜನ, "ಮೈ ಹತ್ತೇತಿ ನೋಡು ಫಕೀರವ್ವಗ" ಎಂದರು. ಅವಳೂ ಹಾಗೆಯೇ ಅಂದುಕೊಂಡಳು.

ಒಂದು ದಿನ ಪಕ್ಕದೂರಿನ ವ್ಯಾಪಾರಿಯೊಬ್ಬ ಒಂದು ಮೂಟೆ ಬಟ್ಟೆ ತಂದ. ಅವನ ತಾಯಿ ತೀರಿಕೊಂಡಿದ್ದಳು. ಮೊಮ್ಮಗಳ ತೊಟ್ಟಿಲಿಗೆ ಆಕೆಯ ಸೀರೆಯ ಕೌದಿ ಬೇಕೆಂದು ಅವನ ಆಸೆ. ಮೂಟೆ ಬಿಚ್ಚಿ, ಮೇಲಿನ ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಅವನು ಹೇಳಿದ: "ಇನ್ನೂ ನಮ್ಮವ್ವನ ವಾಸನಿ ಐತಿ ನೋಡ್ರಿ ಇದರಾಗ."

ಫಕೀರವ್ವ ಸೀರೆಯನ್ನು ಕೈಗೆ ತೆಗೆದುಕೊಂಡು ಮೂಗಿಗೆ ಹಿಡಿದಳು. ಅವಳಿಗೆ ಏನೂ ಸಿಗಲಿಲ್ಲ. ಆ ಕ್ಷಣ ಅವಳಿಗೆ ಅಟ್ಟದ ಮೇಲಿನ ಗಂಟು ನೆನಪಾಯಿತು. ಅದರಲ್ಲೂ ಅವ್ವನ ವಾಸನೆ ಇದ್ದೀತು ಎನಿಸಿತು. ಇದ್ದರೂ ತನಗೆ ತಿಳಿಯುವುದಿಲ್ಲ ಎನಿಸಿತು. ಅದನ್ನು ಯೋಚಿಸುತ್ತಿರುವಾಗಲೇ ಎದೆ ಕಟ್ಟಿತು. ಬಿಳಿ ಮಾತ್ರೆ ನುಂಗಿದಳು. ಎದೆ ಬಿಡಲಿಲ್ಲ. ಇನ್ನೊಂದು ನುಂಗಿದಳು. ತುಟಿ ನೀಲಿಯಾಯಿತು. ಆ ವ್ಯಾಪಾರಿಯೇ ತನ್ನ ಗಾಡಿಯಲ್ಲಿ ಅವಳನ್ನು ಹಾಕಿಕೊಂಡು ತಾಲೂಕಿನ ಆಸ್ಪತ್ರೆಗೆ ಓಡಿದ.

ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಅವಳನ್ನು ನೋಡಿದವರು ಒಬ್ಬ ವೈದ್ಯೆ. ಎದೆಗೆ ಕೊಳವೆ ಇಟ್ಟು ಕೇಳಿದರು, ಊದಿದ ಮುಖ ನೋಡಿದರು, ಕೊನೆಗೆ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು.

"ಮಾತ್ರಿ ಯಾವಾಗಿಂದ ತಗೊಳ್ಳಾಕ ಹತ್ತೀರವ್ವಾ?"

"ನಮ್ಮವ್ವ ಇದ್ದಾಗಿಂದ್ರಿ ಡಾಕ್ಟರ ಬಾಯಾರ."

"ಇಷ್ಟು ವರ್ಷದಾಗ, ಇದು ಯಾತರಿಂದ ಬರತೈತಿ ಅಂತ ಯಾರೂ ನೋಡಲಿಲ್ಲೇನು?"

ಫಕೀರವ್ವ, "ನಿಂತರ ಸಾಕಾಗಿತ್ತ್ರಿ" ಎಂದಳು.

ಮುಖ ಊದಿದ್ದು ಬಿಳಿ ಮಾತ್ರೆಯಿಂದಲೇ, ಆದರೂ ಅದನ್ನು ಒಮ್ಮೆಲೇ ಬಿಡಬಾರದೆಂದು ವೈದ್ಯೆ ಹೇಳಿ, ನಿಧಾನವಾಗಿ ಇಳಿಸಿದರು. ಬಾಯಲ್ಲಿ ಇಟ್ಟು ಎಳೆದುಕೊಳ್ಳುವ ಪಂಪು ಕೊಟ್ಟು, ದಿನವೂ ತಪ್ಪಿಸಬೇಡಿ ಎಂದರು. ಎದೆ ಒಂದು ಹದಕ್ಕೆ ಬಂದ ಮೇಲೆ ಜಿಲ್ಲಾಕೇಂದ್ರದ ಅಲರ್ಜಿ ವೈದ್ಯರ ಬಳಿಗೆ ಕಳಿಸಿದರು. ಆ ವೈದ್ಯರು ವಯಸ್ಸಾದವರು. ಅವಳ ಮುಂಗೈಯ ಮೇಲೆ ಸಾಲಾಗಿ ಬೇರೆ ಬೇರೆ ಹನಿಗಳನ್ನು ಇಟ್ಟರು. ಪ್ರತಿ ಹನಿಯ ಮೇಲೂ ಮೆಲ್ಲಗೆ ಸೂಜಿ ಮುಟ್ಟಿಸಿದರು. ಹೂವಿನ ಪರಾಗದ ಹನಿ ಸುಮ್ಮನಿತ್ತು. ಜೋಳದ ಹಿಟ್ಟಿನ ಹನಿಯೂ ಸುಮ್ಮನಿತ್ತು. ಒಂದು ಹನಿಯ ಕೆಳಗೆ ಮಾತ್ರ ಸೊಳ್ಳೆ ಕಚ್ಚಿದಂತೆ ದೊಡ್ಡ ದದ್ದು ಎದ್ದಿತು.

"ಇದು ಹಳೇ ಬಟ್ಟಿ, ಹಾಸಿಗಿ ಧೂಳಿನ್ಯಾಗ ಇರೂ ಹುಳ" ಎಂದರು ವೈದ್ಯರು. "ಕಣ್ಣಿಗೆ ಕಾಣಂಗಿಲ್ಲ. ನಿಮ್ಮ ವೈರಿ ಇದೇ."

"ಇದಕ್ಕ ಮಾತ್ರಿ ಏನೈತ್ರಿ?"

"ಆ ಹೊತ್ತಿಗೆ ಆರಾಮ ಆಗಾಕ ಪಂಪು, ಮಾತ್ರಿ ಎಲ್ಲಾ ಐತಿ, ಅದನ್ನ ಬಿಡಬ್ಯಾಡ್ರಿ. ಆದರ ನಿಮ್ಮ ಮೈಗೆ ಈ ಧೂಳಿನ ಗುರುತು ಕಲಿಸೂದು ಬ್ಯಾರೆ ಕೆಲಸ. ಈ ಹುಳದ ಸತ್ವಾನೇ ಒಂದು ಕಣದಷ್ಟು ತಗೊಂಡು ಸೂಜಿಲೆ ಹಾಕತೀವಿ. ಮೊದಲು ವಾರ ವಾರ. ಸ್ವಲ್ಪ ಸ್ವಲ್ಪ ಹೆಚ್ಚು ಮಾಡಕೋತ ಹೋಗತೀವಿ. ಆಮ್ಯಾಲ ತಿಂಗಳಿಗೊಮ್ಮೆ. ಮೂರು ವರ್ಷ ಆದರೂ ಬೇಕು, ಇನ್ನೂ ಹೆಚ್ಚು ಆದರೂ ಆದೀತು. ಎಲ್ಲಾರಿಗೂ ಹಿಡಿತೈತಿ ಅಂತ ನಾ ಮಾತು ಕೊಡಾಂಗಿಲ್ಲ."

ಫಕೀರವ್ವ ಬೆರಗಾದಳು. "ಯಾವುದು ನನ್ನ ಕುತಗಿ ಹಿಚುಕಾಕ ಬರತೈತೋ ಅದನ್ನೇ ನನ್ನ ಮೈಯಾಗ ಹಾಕತೀರೇನ್ರಿ?"

"ಹೌದವ್ವಾ. ಅದಕ್ಕೇ ಅಷ್ಟು ಸಾವಕಾಶ."

ಮನೆಯಲ್ಲಿ ಏನೇನು ಮಾಡಬೇಕೆಂದೂ ಅವರು ಹೇಳಿದರು. ಹೊದಿಕೆ, ಹಾಸಿಗೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ಹೊಲಿಯಲು ಬಂದ ಬಟ್ಟೆಯನ್ನು ಮೊದಲು ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಹಾಕಿ, ಆಮೇಲೆ ಮುಟ್ಟಬೇಕು. ಫಕೀರವ್ವ ಎಲ್ಲಕ್ಕೂ ಹೂಂ ಎಂದಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು ನಿಂತಳು.

"ನಮ್ಮವ್ವನ ಸೀರಿ ಗಂಟು ಒಂದೈತ್ರಿ."

"ಅದನ್ನೂ ಕುದಿಸಿಬಿಡ್ರಿ. ಕುದಿಸಿದರ ನಾಳೇನ ಹೊಲಿಬಹುದು."

"ಅದನ್ನ ಕುದಸಂಗಿಲ್ರಿ" ಎಂದಳು ಅವಳು.

ವೈದ್ಯರು ಯಾಕೆಂದು ಕೇಳಲಿಲ್ಲ. "ಹಂಗಾದರ ಗಂಟು ಕಾಯಲಿ. ನೀವು ತಯಾರಾಗ್ರಿ" ಎಂದರು.

ಹೀಗೆ ಅವಳ ಓಡಾಟ ಶುರುವಾಯಿತು. ವಾರಕ್ಕೊಂದು ದಿನ ಬೆಳಗಿನ ಬಸ್ಸು ಹಿಡಿದು ಹೋಗುವುದು. ತೋಳಿಗೆ ಸೂಜಿ ಚುಚ್ಚಿಸಿಕೊಳ್ಳುವುದು. ಏನಾದರೂ ಹೆಚ್ಚುಕಡಿಮೆ ಆದೀತೆಂದು ಅರ್ಧ ಗಂಟೆ ಅಲ್ಲಿಯೇ ಬೆಂಚಿನ ಮೇಲೆ ಕೂರುವುದು. ತೋಳು ಊದಿ ತುರಿಸುತ್ತಿತ್ತು. ಆ ಕೈಯಲ್ಲಿ ರೊಟ್ಟಿ ಬಡಿಯಲು ಆಗದ ದಿನ ಮುದಕಪ್ಪ ಅನ್ನ ಮಾಡುತ್ತಿದ್ದ. ಅನ್ನ ಒಮ್ಮೆ ಮುದ್ದೆಯಾಗುತ್ತಿತ್ತು, ಒಮ್ಮೆ ಅಕ್ಕಿಯಾಗಿಯೇ ಉಳಿಯುತ್ತಿತ್ತು. ಇಬ್ಬರೂ ಅದನ್ನೇ ಉಣ್ಣುತ್ತಿದ್ದರು.

ಮೊದಲ ವರ್ಷ ಏನೂ ಬದಲಾಗಲಿಲ್ಲ. ಔಷಧದ ಅಂಗಡಿಯವನು ಅವಳು ಬಸ್ಸಿಗೆ ಹೋಗುವುದನ್ನು ನೋಡಿ ನಗುತ್ತಿದ್ದ. "ಒಂದು ತಾಸಿನ ಕೆಲಸಕ್ಕ ಮೂರು ವರ್ಷ ಹೊಂಟೀರಲ್ಲಬೇ" ಎನ್ನುತ್ತಿದ್ದ. ಅವಳಿಗೂ ಕೆಲವು ದಿನ ಹಾಗೆಯೇ ಅನಿಸುತ್ತಿತ್ತು.

ಎರಡನೆಯ ವರ್ಷದ ಆರಂಭದಲ್ಲಿ ಮುದಕಪ್ಪನ ತಂಗಿಯ ಮಗಳ ಮದುವೆ ಬಂತು. ಮನೆ ತುಂಬ ನೆಂಟರು, ಹಳೆಯ ಜಮಖಾನೆಗಳು, ಹೊರಗೆ ತೆಗೆದ ಹಾಸಿಗೆಗಳು. ಫಕೀರವ್ವ ಸೂಜಿಗೆ ಹೋಗಲಿಲ್ಲ. ಒಂದು ವಾರ ಬಿಟ್ಟಳು, ಆಮೇಲೆ ಇನ್ನೂ ಕೆಲವು ವಾರ ಬಿಟ್ಟಳು. ಪಂಪನ್ನೂ ಪೆಟ್ಟಿಗೆಯಲ್ಲಿಟ್ಟು ಮರೆತಳು. ಮದುವೆಯ ದಿನ ಅಂಗಡಿಯವನ ಬಿಳಿ ಮಾತ್ರೆ ನುಂಗಿದಳು. ಅವತ್ತು ಅವಳು ಎಲ್ಲರಿಗಿಂತ ಹೆಚ್ಚು ಓಡಾಡಿದಳು, ಸೋಬಾನೆ ಹಾಡಿದಳು. ಇಷ್ಟು ಸುಲಭವಿರುವಾಗ ಆ ಬಸ್ಸು, ಆ ಬೆಂಚು ಯಾಕೆ ಎನಿಸಿತು. ಮದುವೆ ಮುಗಿದ ಮರುದಿನ ಮತ್ತೆ ಉಬ್ಬಸ ಹಿಡಿಯಿತು.

ವೈದ್ಯರು ಬೈಯಲಿಲ್ಲ. ಎದೆ ಸರಿಯಾಗುವ ತನಕ ಕಾದು, ಮದ್ದಿನ ಪ್ರಮಾಣವನ್ನು ಇಳಿಸಿ, "ಇಲ್ಲಿಂದ ಮತ್ತ ಏರಬೇಕವ್ವಾ" ಎಂದರು. ಅವಳು ಬೆಂಚಿನ ಮೇಲೆ ಕೂತಳು. ಇನ್ನು ಬರುವುದಿಲ್ಲ ಎಂದು ಹೇಳಿಬಿಡೋಣ ಎಂದುಕೊಂಡಳು. ಚೀಲದಲ್ಲಿ ಉಳಿದ ಬಿಳಿ ಮಾತ್ರೆಗಳಿದ್ದವು. ಅವನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದಳು. ಇದನ್ನು ನುಂಗಿದರೆ ಎದೆ ಬಿಡುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೆ ಅವಳಿಗೆ ಪಡಸಾಲೆಯ ಆ ಗೋಡೆ ನೆನಪಾಯಿತು. ಅಂದೂ ಮಾತ್ರೆ ಕೆಲಸ ಮಾಡಿತ್ತು. ಅಂದೂ ಎದೆ ಬಿಟ್ಟಿತ್ತು. ಎದೆ ಬಿಟ್ಟು ತಾನು ಸುಖವಾಗಿ ಮಲಗಿದ್ದಾಗ ಗೋಡೆಯ ಆಚೆ ಅವ್ವನ ಕೈ ಯಾರನ್ನು ಹುಡುಕಿತೋ.

ಮಾತ್ರೆಗಳನ್ನು ತಂದು ವೈದ್ಯರ ಮೇಜಿನ ಮೇಲಿಟ್ಟಳು. "ಮುಂದಿನ ವಾರ ಯಾವಾಗ ಬರಲ್ರಿ?" ಎಂದು ಕೇಳಿದಳು.

ಮತ್ತೆ ಬಸ್ಸು, ಮತ್ತೆ ಬೆಂಚು. ಆ ಬೆಂಚಿನ ಮೇಲೆ ಕೂತು ಅವಳು ಅವ್ವನ ಕಾಲದ ಹಾಡುಗಳನ್ನು ನೆನಪು ಮಾಡಿಕೊಳ್ಳುತ್ತಿದ್ದಳು. ಕೆಲವು ಪೂರ್ತಿ ಬರುತ್ತಿದ್ದವು, ಕೆಲವು ನಡುವೆ ಕಡಿದುಹೋಗುತ್ತಿದ್ದವು. ಆ ಪಡಸಾಲೆಯಲ್ಲಿ ಕೂರುತ್ತಿದ್ದವರಲ್ಲಿ ಯಾರು ಉಳಿದಿದ್ದಾರೆ, ಯಾರು ಹೋದರು ಎಂದು ಎಣಿಸುತ್ತಿದ್ದಳು. ಅವರ ಸೀರೆಗಳೆಲ್ಲ ಯಾವ ಯಾವ ಕೌದಿಯಲ್ಲಿ ಸೇರಿವೆ, ಯಾವ ಮಕ್ಕಳು ಅವನ್ನು ಹೊದ್ದು ಮಲಗುತ್ತಿವೆ ಎಂದು ಯೋಚಿಸುತ್ತಿದ್ದಳು. ಅರ್ಧ ಗಂಟೆ ಹೋದದ್ದೇ ತಿಳಿಯುತ್ತಿರಲಿಲ್ಲ.

ಒಂದು ದಿನ ಮುದಕಪ್ಪ ಗಿರಣಿಯಿಂದ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ. ಅವಳು ಅದನ್ನು ಒಗೆಯಲೆಂದು ಎತ್ತಿಕೊಂಡವಳು ನಿಂತುಬಿಟ್ಟಳು. ಅಂಗಿಯನ್ನು ಮುಖದ ಹತ್ತಿರ ತಂದಳು.

"ಏನ್ರಿ, ನಿಮ್ಮ ಅಂಗಿ ಜ್ವಾಳದ ಹಿಟ್ಟಿನ ವಾಸನಿ ಬರತೈತಿ."

ಮುದಕಪ್ಪ ಅವಳನ್ನೇ ನೋಡಿದ. "ಮದಿವಿಯಾದಾಗಿಂದ ಬರತೈತಿ" ಎಂದ. ಆಮೇಲೆ ಅವನಿಗೆ ಹೊಳೆಯಿತು. ಅವನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಮದುವೆಯಾದ ಹೊಸತರಲ್ಲಿ, "ಈ ವಾಸನಿ ಬಂದರ ನೀವು ಬಂದಿರಿ ಅಂತ ಗೊತ್ತಾಗತೈತಿ" ಎಂದು ಅವಳು ಹೇಳುತ್ತಿದ್ದಳು. ಆ ಮಾತು ಯಾವಾಗ ನಿಂತಿತೆಂದು ಅವನು ಎಂದೂ ಯೋಚಿಸಿರಲಿಲ್ಲ.

ಅಲ್ಲಿಂದ ಮುಂದೆ ಸೀನು ಕಡಿಮೆಯಾಗುತ್ತ ಬಂತು. ಪೂರ್ತಿ ಹೋಗಲಿಲ್ಲ. ಮಾಗಿಯ ಚಳಿಯಲ್ಲಿ ನಾಲ್ಕು ದಿನ ಕಾಡುತ್ತಿತ್ತು. ಆದರೆ ಎದೆ ಕಟ್ಟುವುದು ನಿಂತಿತು. ಪಂಪು ತಿಂಗಳುಗಟ್ಟಲೆ ಬೇಕಾಗುತ್ತಿರಲಿಲ್ಲ. ಮುಖದ ಊತ ಇಳಿದು ಅವಳು ತನ್ನ ತಾಯಿಯ ಹಾಗೆ ಕಾಣತೊಡಗಿದಳು. ಹಾಗೆಂದು ಓಣಿಯ ಮುದುಕಿಯರು ಹೇಳಿದರು. ನಾಲ್ಕನೆಯ ವರ್ಷ ಮುಗಿದ ಮೇಲೆ ವೈದ್ಯರು, "ಇನ್ನ ಸೂಜಿ ಸಾಕವ್ವಾ" ಎಂದರು. "ಆ ಗಂಟು ಬಿಚ್ಚಬಹುದು. ಗಾಳಿ ಆಡೂವಲ್ಲಿ ಕೂತು ಬಿಚ್ಚ್ರಿ. ಪಂಪು ಹತ್ತಿರ ಇರಲಿ."

ಊರಿಗೆ ಬಂದವಳು ಅವತ್ತೇ ಬಿಚ್ಚಲಿಲ್ಲ. ಮನೆ ಸಾರಿಸಿದಳು. ಸೂಜಿ, ದಾರ ಹೊಸದು ತಂದಳು. ಒಂದು ರೊಟ್ಟಿ ಬಡಿದು ಮುಚ್ಚಿಟ್ಟಳು. ಊಟ ಮುಗಿದ ಮಧ್ಯಾಹ್ನ ಮುದಕಪ್ಪನಿಂದ ಗಂಟು ಇಳಿಸಿಕೊಂಡು ಅಂಗಳದಲ್ಲಿ ಕೂತಳು. ಮುದಕಪ್ಪ ಪಂಪನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

ಅವಳು ಗಂಟು ಬಿಚ್ಚಿದಳು. ಸೀನು ಬರಲಿಲ್ಲ. ಎದೆ ಬಿಗಿಯಲಿಲ್ಲ. ಮೇಲೆ ಅವ್ವ ದಿನಾ ಉಡುತ್ತಿದ್ದ ಹಸಿರು ಇಳಕಲ್ ಸೀರೆ ಇತ್ತು. ಅದರ ಕೆಳಗೆ ಖಣದ ಕುಪ್ಪಸ. ಅವಳು ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿ ಮುಖವನ್ನು ಅದರಲ್ಲಿ ಹುದುಗಿಸಿದಳು. ಉಸಿರು ತುಂಬ ಎಳೆದುಕೊಂಡಳು.

ಧೂಳಿನ ವಾಸನೆ ಇತ್ತು. ಅಟ್ಟದ ಮರದ ವಾಸನೆ ಇತ್ತು. ಸೀಗೆಕಾಯಿ ಇರಲಿಲ್ಲ. ಒಲೆಯ ಹೊಗೆ ಇರಲಿಲ್ಲ. ಮಡಿಕೆ ಮಡಿಕೆ ಬಿಚ್ಚಿ ನೋಡಿದಳು. ಸೆರಗು ನೋಡಿದಳು, ಕುಪ್ಪಸದ ಕಂಕುಳು ನೋಡಿದಳು, ಎಲೆಯಡಿಕೆಯ ಚೀಲ ಸಿಕ್ಕಿಸುತ್ತಿದ್ದ ಸೊಂಟದ ಭಾಗ ನೋಡಿದಳು. ಎಲ್ಲಿಯೂ ಅವ್ವನ ವಾಸನೆ ಇರಲಿಲ್ಲ. ಅಷ್ಟು ವರ್ಷಗಳಲ್ಲಿ ಅದು ಯಾವಾಗಲೋ ಹೊರಟುಹೋಗಿತ್ತು.

ಅವಳು ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಅವಳ ಭುಜಗಳು ಅಲುಗತೊಡಗಿದವು. ಕಣ್ಣಿಂದ ನೀರು ಇಳಿಯುತ್ತಿದ್ದುದನ್ನು ಮುದಕಪ್ಪ ನೋಡಿದ. ಪಂಪು ಹಿಡಿದು ಅವಳ ಬಳಿಗೆ ಓಡಿದ.

"ಯಾಕ, ಮತ್ತ ಹಿಡೀತೇನು? ತಗೋ, ಇದನ್ನ ಎಳಕೋ."

ಅವಳು ಅವನ ಕೈಯನ್ನು ಮೆಲ್ಲಗೆ ಸರಿಸಿದಳು. ತಲೆ ಅಲ್ಲಾಡಿಸಿ ಬೇಡವೆಂದಳು.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗ ಸ್ವಲ್ಪ ಹೊತ್ತು ಕಾದ. ಕತೆ ಇನ್ನೂ ಇದೆ ಎಂದುಕೊಂಡಿದ್ದ. ಮುಂದೆ ಏನೂ ಬರಲಿಲ್ಲ.

"ಗುರುಗಳೇ, ಅವಳು ಕಾದದ್ದು ಆ ವಾಸನೆಗಾಗಿ. ಅದೇ ಹೋಗಿಬಿಟ್ಟಿತ್ತು. ಹಾಗಾದರೆ ಅಷ್ಟು ವರ್ಷದ ಮದ್ದಿನಿಂದ ಅವಳಿಗೆ ಸಿಕ್ಕಿದ್ದೇನು?"

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟರು.

"ಅವ್ವ ಸತ್ತದ್ದಕ್ಕೆ ಅವಳು ಮೊದಲ ಸಲ ಅತ್ತದ್ದು ಅವತ್ತು, ಮಗು."